ವಾರಾಂತ್ಯದ ರೇಸ್ ಟಿಪ್ಸ್: ಶೇ 40ರ ತೆರಿಗೆಯ ನಂತರ ಉಳಿಯುವುದೇನು?

ಕುದುರೆ ರೇಸಿನ ಬಾಜಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 40 ಆಗಿದೆ. ಬೆಂಗಳೂರು, ಮೈಸೂರು, ಮುಂಬೈ, ಹೈದರಾಬಾದ್, ಕೋಲ್ಕತ್ತ, ಹೀಗೆ ಯಾವ ಊರಿನ ರೇಸ್ ಕೋರ್ಸ್‌ಗೆ ಹೋದರೂ ಬಾಜಿ ಕಟ್ಟುವವರ ಲೆಕ್ಕಾಚಾರವನ್ನು ಇದು ಬುಡದಿಂದಲೇ ಬದಲಿಸಿದೆ. ಆದರೆ ಶನಿವಾರ, ಭಾನುವಾರದ ರೇಸುಗಳಿಗೆಂದು ಪತ್ರಿಕೆಗಳಲ್ಲಿ, ರೇಸ್ ಪುಸ್ತಕಗಳಲ್ಲಿ ಮತ್ತು ಮೊಬೈಲಿನಲ್ಲಿ ಬರುವ ಮುನ್ನೋಟಗಳು ಮಾತ್ರ ಹಳೆಯ ಧಾಟಿಯಲ್ಲೇ ಉಳಿದಿವೆ. ಪ್ರತಿ ರೇಸಿಗೆ ಮೊದಲ ಆಯ್ಕೆ, ಎರಡನೆಯ ಆಯ್ಕೆ, ಮೂರನೆಯ ಆಯ್ಕೆ, ಕೊನೆಯಲ್ಲಿ ‘ದಿನದ ಬೆಸ್ಟ್’ ಎಂದು ಒಂದು ಹೆಸರು. ಆ ಕುದುರೆಯ ಮೇಲೆ ಎಷ್ಟು ದರ ಸಿಕ್ಕರೆ ಬಾಜಿ ಕಟ್ಟಬಹುದು, ಎಷ್ಟಕ್ಕಿಂತ ಕಡಿಮೆಯಾದರೆ ಕೈಬಿಡಬೇಕು ಎಂಬುದನ್ನು ಯಾರೂ ಬರೆಯುವುದಿಲ್ಲ. ಗೆಲ್ಲುವ ಕುದುರೆಯನ್ನು ಸರಿಯಾಗಿ ಹೇಳಿಯೂ ಓದುಗನ ಹಣ ಕಳೆಯುವ ಸ್ಥಿತಿಗೆ ಈಗ ಈ ಟಿಪ್ಸ್ ಬಂದು ನಿಂತಿವೆ.

ಹಾಗೆಂದು ಮುನ್ನೋಟ ಬರೆಯುವುದು ಸುಲಭದ ಕೆಲಸವೆಂದಾಗಲಿ, ಅದರಲ್ಲಿ ತಿಳಿವಳಿಕೆ ಇಲ್ಲವೆಂದಾಗಲಿ ಭಾವಿಸಬಾರದು. ಕುದುರೆಯ ಹಿಂದಿನ ಓಟಗಳು, ಅದರ ಸಾಮರ್ಥ್ಯಕ್ಕೆ ಕೊಟ್ಟ ಅಂಕ ಎಂದರೆ ರೇಟಿಂಗ್, ಹೊರುವ ತೂಕ, ರೇಸಿನ ದೂರ, ಗೇಟಿನಲ್ಲಿ ಸಿಕ್ಕ ಸ್ಥಾನ, ಜಾಕಿ, ಟ್ರೇನರ್, ಮಳೆಗಾಲವಾದರೆ ಪೆನೆಟ್ರೋಮೀಟರ್ ತೋರಿಸುವ ನೆಲದ ಮೃದುತ್ವ, ಇಷ್ಟನ್ನೂ ಒಟ್ಟಿಗೆ ತೂಗಿ ನೋಡಬೇಕು. ಇವುಗಳ ಜೊತೆಗೆ ಮುಂಜಾನೆಯ ಟ್ರ್ಯಾಕ್ ವರ್ಕ್ ವರದಿ ಇರುತ್ತದೆ. ಉದಾಹರಣೆಗೆ ‘ಔಟರ್ ಸ್ಯಾಂಡ್, 1200 ಮೀಟರ್: 1-20, 600/43, ಸರಾಗವಾಗಿ ಓಡಿತು’ ಎಂಬ ಸಾಲನ್ನು ತೆಗೆದುಕೊಳ್ಳಿ. ಹೊರಸುತ್ತಿನ ಮರಳಿನ ಟ್ರ್ಯಾಕಿನಲ್ಲಿ ಕುದುರೆ 1200 ಮೀಟರನ್ನು ಒಂದು ನಿಮಿಷ 20 ಸೆಕೆಂಡಿನಲ್ಲೂ, ಅದರಲ್ಲಿ ಕೊನೆಯ 600 ಮೀಟರನ್ನು 43 ಸೆಕೆಂಡಿನಲ್ಲೂ ಮುಗಿಸಿತು ಎಂಬುದು ಅದರ ಅರ್ಥ. ಹೆಸರಿನ ಪಕ್ಕದ ಆವರಣದಲ್ಲಿ ಜಾಕಿಯ ಹೆಸರಿದ್ದರೆ ರೇಸಿನಲ್ಲಿ ಕೂರುವವನೇ ಓಡಿಸಿದ್ದಾನೆಂದು ತಿಳಿಯಬಹುದು. ರೈಡಿಂಗ್ ಬಾಯ್ ಎಂದಿದ್ದರೆ ಲಾಯದ ಸವಾರ ಓಡಿಸಿದ್ದಾನೆ.

ಈ ಸಾಲಿನಲ್ಲಿ ಇಲ್ಲದ ಸಂಗತಿಗಳು ಇರುವುದಕ್ಕಿಂತ ಹೆಚ್ಚು. ಸವಾರನ ತೂಕ ಎಷ್ಟಿತ್ತು, ಕುದುರೆಯನ್ನು ಪೂರ್ತಿ ಬಿಟ್ಟು ಓಡಿಸಿದರೋ ಲಗಾಮು ಹಿಡಿದೇ ಓಡಿಸಿದರೋ, ಕಂಬಿಯ ಪಕ್ಕದಲ್ಲಿ ಓಡಿತೋ ದೂರದಲ್ಲಿ ಓಡಿತೋ ಎಂಬುದನ್ನು ಅವತ್ತು ಅಲ್ಲಿ ನಿಂತು ನೋಡಿದವರು ಮಾತ್ರ ಹೇಳಬಲ್ಲರು. ಎರಡು ಸೆಕೆಂಡಿನ ವ್ಯತ್ಯಾಸ ಇವುಗಳಲ್ಲಿ ಯಾವುದರಿಂದಲೂ ಹುಟ್ಟಬಹುದು. ಒಳ್ಳೆಯ ವರದಿಗಾರನು ‘ಒತ್ತಾಯಿಸಿ ಓಡಿಸಲಾಯಿತು’ ಅಥವಾ ‘ಇನ್ನೂ ಕೈಯಲ್ಲಿ ಓಟವಿತ್ತು’ ಎಂದು ಬರೆಯುವ ಎರಡು ಮಾತಿನಲ್ಲಿ ಗಡಿಯಾರದ ಅಂಕಿಗಿಂತ ಹೆಚ್ಚಿನ ಮಾಹಿತಿ ಇರುತ್ತದೆ. ಮುನ್ನೋಟದ ಕೌಶಲ ನಿಜಕ್ಕೂ ಇರುವುದು ಇಲ್ಲಿ. ಬೆಳಗಿನ ಚಳಿಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಆ ವರದಿಗಾರರ ಶ್ರಮಕ್ಕೆ ಗೌರವ ಸಲ್ಲಬೇಕು.

ಇನ್ನು ಹ್ಯಾಂಡಿಕ್ಯಾಪ್, ಅಂದರೆ ಬಲವಾದ ಕುದುರೆಗೆ ಹೆಚ್ಚು ತೂಕ ಹೊರಿಸುವ ರೇಸು. ನಮ್ಮ ರೇಸ್ ಕಾರ್ಡುಗಳಲ್ಲಿ (ದಿನದ ರೇಸುಗಳ ಪಟ್ಟಿಯಲ್ಲಿ) ಹೆಚ್ಚಿನ ರೇಸುಗಳು ಇವೇ, ಮತ್ತು ಹೊಸಬರು ಎಡವುವುದೂ ಇಲ್ಲೇ. ‘40ರಿಂದ 65 ರೇಟಿಂಗ್’ ಎಂಬ ರೇಸಿನಲ್ಲಿ ಆ ಮಿತಿಯ ಕುದುರೆಗಳು ಓಡುತ್ತವೆ, ಮತ್ತು ರೇಟಿಂಗಿನ ಪ್ರತಿ ಅಂಕಕ್ಕೆ ಅರ್ಧ ಕಿಲೋ ಲೆಕ್ಕದಲ್ಲಿ ತೂಕ ಹಂಚಲಾಗುತ್ತದೆ. ಮೇಲ್ತುದಿಯ ಕುದುರೆಗೂ ಕೆಳತುದಿಯ ಕುದುರೆಗೂ ಹನ್ನೆರಡೂವರೆ ಕಿಲೋದಷ್ಟು ಅಂತರ ಬರಬಹುದು. ಒಂದು ಕುದುರೆ ಗೆದ್ದ ಕೂಡಲೇ, ರೇಟಿಂಗ್ ನಿಗದಿ ಮಾಡುವ ಹ್ಯಾಂಡಿಕ್ಯಾಪರ್ ಅದರ ರೇಟಿಂಗನ್ನು ಏರಿಸುತ್ತಾನೆ, ಸತತವಾಗಿ ಸೋತರೆ ಇಳಿಸುತ್ತಾನೆ. ಎಲ್ಲ ಕುದುರೆಗಳೂ ಒಂದೇ ಸಾಲಿನಲ್ಲಿ ಗುರಿ ಮುಟ್ಟುವಂತೆ ಮಾಡುವುದೇ ಅವನ ಕೆಲಸವಾದ್ದರಿಂದ, ‘ಕಳೆದ ಬಾರಿ ಸುಲಭವಾಗಿ ಗೆದ್ದಿತ್ತು, ಈ ಬಾರಿಯೂ ಗೆಲ್ಲಲಿದೆ’ ಎಂಬ ವಾಕ್ಯ ತೂಕದ ಮಾತಿಲ್ಲದೆ ಪೂರ್ಣವಾಗುವುದಿಲ್ಲ. ಇದೇ ವ್ಯವಸ್ಥೆ, ಕುದುರೆಯನ್ನು ಒಂದೆರಡು ರೇಸುಗಳಲ್ಲಿ ತಡೆದು ಓಡಿಸಿ, ರೇಟಿಂಗ್ ಇಳಿದ ಮೇಲೆ ಬಿಡುವ ಆಸೆಯನ್ನೂ ಹುಟ್ಟಿಸುತ್ತದೆ. ಪ್ರತಿ ಕುದುರೆಯನ್ನೂ ಅದರ ಪೂರ್ಣ ಸಾಮರ್ಥ್ಯಕ್ಕೆ ಓಡಿಸಬೇಕೆಂಬ ನಿಯಮ ಮತ್ತು ಅದನ್ನು ನೋಡಿಕೊಳ್ಳುವ ಸ್ಟೀವರ್ಡ್‌ಗಳ ವಿಚಾರಣೆ ಇರುವುದು ಅದಕ್ಕಾಗಿಯೇ. ಹೀಗಾಗಿ ಮುನ್ನೋಟ ಬರೆಯುವವರು ಕುದುರೆಯ ಶಕ್ತಿಯನ್ನಷ್ಟೇ ಅಲ್ಲ, ಲಾಯದ ಉದ್ದೇಶವನ್ನೂ ಊಹಿಸಬೇಕಾಗುತ್ತದೆ.

ಇಷ್ಟೆಲ್ಲ ಮಾಡಿ ಹೆಸರಿಸಿದ ಕುದುರೆ ಎಷ್ಟು ಬಾರಿ ಗೆಲ್ಲುತ್ತದೆ? ಜಗತ್ತಿನ ಬಹುತೇಕ ರೇಸ್ ಕೋರ್ಸ್‌ಗಳಲ್ಲಿ, ಎಲ್ಲರೂ ಸೇರಿ ಆರಿಸಿದ ಫೇವರಿಟ್ ಕುದುರೆ ಸರಿಸುಮಾರು ಮೂರು ರೇಸುಗಳಿಗೆ ಒಂದರಲ್ಲಿ ಗೆಲ್ಲುತ್ತದೆ. ಅಷ್ಟನ್ನೇ ಇಲ್ಲಿ ಹಿಡಿದು ನೋಡೋಣ. ಒಂದಕ್ಕೆ ಎರಡರ ದರದಲ್ಲಿ, ಅಂದರೆ 100 ರೂಪಾಯಿ ಕಟ್ಟಿದರೆ ಅಸಲು ಸೇರಿ 300 ರೂಪಾಯಿ ಬರುವ ದರದಲ್ಲಿ, ಮೂರು ರೇಸುಗಳಿಗೆ ಬಾಜಿ ಕಟ್ಟಿ ಒಂದನ್ನು ಗೆದ್ದರೆ, ತೆರಿಗೆ ಇಲ್ಲದಿದ್ದಲ್ಲಿ ಕೊಟ್ಟದ್ದು 300, ಬಂದದ್ದು 300. ತೆರಿಗೆಯನ್ನು ಬಾಜಿಯ ಮುಖಬೆಲೆಯ, ಅಂದರೆ ಇಡೀ ಮೊತ್ತದ ಮೇಲೆ ಹಾಕಿ ಪೂರ್ತಿಯಾಗಿ ಬಾಜಿ ಕಟ್ಟುವವನಿಂದಲೇ ವಸೂಲು ಮಾಡಿದರೆ, ಶೇ 28 ಇದ್ದಾಗ ಅವನು ಕೈಯಿಂದ ಕೊಡಬೇಕಿದ್ದದ್ದು 384. ಈಗ 420. ಬರುವುದು ಮಾತ್ರ ಅದೇ 300. ಸರಿಯಾದ ಟಿಪ್, ಸರಿಯಾದ ದರ, ಸರಾಸರಿ ಅದೃಷ್ಟ, ಎಲ್ಲವೂ ಇದ್ದೂ 420ಕ್ಕೆ 120 ರೂಪಾಯಿ ನಷ್ಟ.

ಸಮದರದ, ಅಂದರೆ 100 ಕಟ್ಟಿದರೆ ಅಸಲು ಸೇರಿ 200 ಬರುವ ಕುದುರೆಯ ಮೇಲೆ ಲಾಭ-ನಷ್ಟ ಸರಿಹೋಗಲು ತೆರಿಗೆ ಇಲ್ಲದಿದ್ದರೆ ನೂರಕ್ಕೆ 50 ಬಾರಿ ಗೆದ್ದರೆ ಸಾಕಿತ್ತು, ಈಗ 70 ಬಾರಿ ಗೆಲ್ಲಬೇಕು. ಇನ್ನೂ ಕಡಿಮೆ ದರದ, ಎಂದರೆ ಬೋರ್ಡಿನಲ್ಲಿ 40 ಪೈಸೆ (ಒಂದು ರೂಪಾಯಿಗೆ 40 ಪೈಸೆ ಲಾಭ) ಎಂದು ಕಾಣುವ ಹಾಟ್ ಫೇವರಿಟ್ ಕುದುರೆಯ ಸ್ಥಿತಿ ನೋಡಿ. 100 ರೂಪಾಯಿಯ ಬಾಜಿಗೆ ತೆರಿಗೆ ಸೇರಿ 140 ಕೊಡುತ್ತೀರಿ, ಕುದುರೆ ಗೆದ್ದರೆ 140 ವಾಪಸ್ ಬರುತ್ತದೆ. ಕುದುರೆ ಹತ್ತು ಕುದುರೆಯುದ್ದ ಮುಂದಿದ್ದು ಗೆದ್ದರೂ ಒಂದು ರೂಪಾಯಿ ಲಾಭವಿಲ್ಲ. ದರ 30 ಪೈಸೆ ಆದರೆ ಗೆದ್ದ ಮೇಲೂ 10 ರೂಪಾಯಿ ಕೈಬಿಡುತ್ತದೆ. ‘ದಿನದ ಬೆಸ್ಟ್’ ಎಂದು ಮುನ್ನೋಟಗಳು ಹೆಸರಿಸುವುದು ಹೆಚ್ಚಾಗಿ ಇಂಥ ಕುದುರೆಗಳನ್ನೇ. ಸೋಮವಾರ ‘ನಮ್ಮ ದಿನದ ಬೆಸ್ಟ್ ಗೆದ್ದಿತು’ ಎಂಬ ಸಾಲು ಅಚ್ಚಾದಾಗ ಅದು ಸುಳ್ಳಲ್ಲ. ಆದರೆ ಅದನ್ನು ನಂಬಿ ಹಣ ಹಾಕಿದವನ ಜೇಬು ತುಂಬಿರುವುದಿಲ್ಲ.

ಬುಕ್ಕಿಗಳ ಬದಲು ಕ್ಲಬ್ ನಡೆಸುವ ಟೋಟ್‌ನಲ್ಲಿ ಟಿಕೆಟ್ ಕೊಳ್ಳುವವರಿಗೆ ಇನ್ನೊಂದು ತೊಡಕಿದೆ. ಅಲ್ಲಿ ಎಲ್ಲರ ಹಣವೂ ಒಂದು ಪೂಲಿಗೆ ಸೇರಿ, ಕ್ಲಬ್‌ನ ಪಾಲು ಕಳೆದ ಮೇಲೆ ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಹಾಗಾಗಿ ಕೊನೆಯ ಡಿವಿಡೆಂಡ್, ಅಂದರೆ ಗೆದ್ದ ಟಿಕೆಟಿಗೆ ಸಿಗುವ ಹಣ, ಎಷ್ಟೆಂಬುದು ಗೇಟು ತೆರೆಯುವವರೆಗೂ ಯಾರಿಗೂ ತಿಳಿಯದು. ಜನಪ್ರಿಯ ಮುನ್ನೋಟವೊಂದು ಒಂದು ಕುದುರೆಯನ್ನು ಎತ್ತಿ ಹಿಡಿದರೆ, ಅದನ್ನು ಓದಿದವರ ಹಣವೇ ಆ ಕುದುರೆಯ ದರವನ್ನು ಇಳಿಸುತ್ತದೆ. ಸಾವಿರಾರು ಜನ ಒಟ್ಟಿಗೆ ಓದುವ ಟಿಪ್ ಎಷ್ಟೇ ಒಳ್ಳೆಯದಿದ್ದರೂ ಅದರ ಪ್ರಯೋಜನ ಹೀಗೆ ತಾನಾಗಿ ಕರಗುತ್ತದೆ. ಗೆದ್ದ ಮೊತ್ತ 10,000 ರೂಪಾಯಿ ದಾಟಿದರೆ ಮೂಲದಲ್ಲೇ ಶೇ 30ರ ಆದಾಯ ತೆರಿಗೆ ಕಡಿತವಾಗುತ್ತದೆ, ಮತ್ತು ಹಿಂದಿನ ವಾರದ ಸೋಲುಗಳನ್ನು ಈ ಗೆಲುವಿನ ವಿರುದ್ಧ ಕಳೆದು ತೋರಿಸಲು ಬಾಜಿ ಕಟ್ಟುವವನಿಗೆ ಅವಕಾಶವಿಲ್ಲ.

ಕಾನೂನಿನ ನಿಲುವು ಇಲ್ಲಿ ಎರಡು ದಿಕ್ಕಿಗೆ ಎಳೆಯುತ್ತಿರುವುದನ್ನು ಗಮನಿಸಬೇಕು. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಜನವರಿಯಲ್ಲಿ, ಕುದುರೆ ರೇಸು ಪ್ರಧಾನವಾಗಿ ಕೌಶಲವನ್ನು ಅವಲಂಬಿಸಿದ್ದು, ಅದು ಜೂಜಲ್ಲ ಎಂದು ತೀರ್ಪು ನೀಡಿತು. ಕುದುರೆಯ ತಳಿ, ತರಬೇತಿ, ಜಾಕಿಯ ಸಾಮರ್ಥ್ಯ, ಹಿಂದಿನ ಓಟಗಳನ್ನು ತಿಳಿದವರು ಫಲಿತಾಂಶವನ್ನು ವಿವೇಚನೆಯಿಂದ ಅಂದಾಜಿಸಬಲ್ಲರು ಎಂಬುದು ಆ ತೀರ್ಪಿನ ತಿರುಳು. ವಾರಾಂತ್ಯದ ಮುನ್ನೋಟ ಎಂಬ ಬರಹಪ್ರಕಾರಕ್ಕೆ ಇದಕ್ಕಿಂತ ದೊಡ್ಡ ಮನ್ನಣೆ ಬೇರೆ ಸಿಗಲಾರದು. ಆದರೆ ತೆರಿಗೆಯ ಕಾನೂನು ರೇಸನ್ನು ಲಾಟರಿ ಮತ್ತು ಕ್ಯಾಸಿನೋಗಳ ಸಾಲಿನಲ್ಲೇ ಕೂರಿಸಿತು. ಜಿಎಸ್‌ಟಿ ಬಂದ ಮೇಲೆ ಬಾಜಿಯ ಇಡೀ ಮೊತ್ತಕ್ಕೆ ತೆರಿಗೆ ಹಾಕಿದ ನಿಯಮವನ್ನು ಬೆಂಗಳೂರು ಟರ್ಫ್ ಕ್ಲಬ್ ಪ್ರಶ್ನಿಸಿತು. 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಏಕಸದಸ್ಯ ಪೀಠ ಆ ನಿಯಮವನ್ನು ರದ್ದುಪಡಿಸಿ, ಟೋಟ್ ನಡೆಸುವ ಕ್ಲಬ್ ತನ್ನ ಕಮಿಷನ್ ಮೇಲೆ ಮಾತ್ರ ತೆರಿಗೆ ಕೊಡಬೇಕೆಂಬ ನಿಲುವು ತಳೆಯಿತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಮುಖಬೆಲೆಯ ಮೇಲಿನ ತೆರಿಗೆಯನ್ನು ಕಾನೂನಿನಲ್ಲೇ ಗಟ್ಟಿಗೊಳಿಸಿತು. 2025ರಲ್ಲಿ ದರವೂ ಏರಿತು.

ಕಮಿಷನ್ ಮೇಲಿನ ತೆರಿಗೆಗೂ ಮುಖಬೆಲೆಯ ಮೇಲಿನ ತೆರಿಗೆಗೂ ಇರುವ ಅಂತರ ತಾಂತ್ರಿಕ ತಕರಾರಷ್ಟೇ ಅಲ್ಲ. 100 ರೂಪಾಯಿಯ ಬಾಜಿಯಲ್ಲಿ ಕ್ಲಬ್‌ಗೆ 10 ರೂಪಾಯಿ ಉಳಿಯುತ್ತದೆ ಎಂದುಕೊಂಡರೆ, ಮೊದಲನೆಯ ರೀತಿಯಲ್ಲಿ ಶೇ 40ರ ತೆರಿಗೆ 4 ರೂಪಾಯಿ, ಎರಡನೆಯ ರೀತಿಯಲ್ಲಿ 40 ರೂಪಾಯಿ. ಕ್ಲಬ್‌ನ ಒಟ್ಟು ಗಳಿಕೆಯ ನಾಲ್ಕು ಪಟ್ಟು ತೆರಿಗೆಯಾಗಿ ಹೋಗುವ ವ್ಯವಹಾರ ಕಾನೂನಿನ ಒಳಗೇ ಉಳಿಯುತ್ತದೆಂದು ನಂಬುವುದು ಕಷ್ಟ. ಅದು ಉಳಿಯುತ್ತಿಲ್ಲ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. 2024ರ ಜನವರಿಯಲ್ಲಿ, ತೆರಿಗೆ ತಪ್ಪಿಸಿ ಬಾಜಿ ಪಡೆಯುತ್ತಿದ್ದಾರೆಂಬ ಆರೋಪದ ಮೇಲೆ ಟರ್ಫ್ ಕ್ಲಬ್‌ನ ಬುಕ್ಕಿಗಳ ಮಳಿಗೆಗಳ ಮೇಲೆ ಸಿಸಿಬಿ (ಕೇಂದ್ರ ಅಪರಾಧ ವಿಭಾಗ) ಪೊಲೀಸರು ದಾಳಿ ನಡೆಸಿದರು. ಅದೇ ವರ್ಷದ ಜೂನ್‌ನಲ್ಲಿ ರಾಜ್ಯ ಸರ್ಕಾರ ರೇಸ್ ನಡೆಸಲು ಪರವಾನಗಿ ನಿರಾಕರಿಸಿತು. ಹೈಕೋರ್ಟ್‌ನ ಏಕಸದಸ್ಯ ಪೀಠ ಅನುಮತಿ ಕೊಟ್ಟರೆ ವಿಭಾಗೀಯ ಪೀಠ ಅದಕ್ಕೆ ತಡೆ ನೀಡಿತು. ಈ ಜಗ್ಗಾಟದಲ್ಲಿ ಮೊದಲು ಪೆಟ್ಟು ತಿನ್ನುವವರು ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸಾಯಿಸರು, ರೈಡಿಂಗ್ ಬಾಯ್‌ಗಳು, ಲಾಳ ಕಟ್ಟುವವರು. ರೇಸ್ ನಿಂತ ದಿನವೂ ಕುದುರೆಗೆ ಹುಲ್ಲು ಬೇಕು, ಹುರುಳಿ ಬೇಕು. ಇವರ ಸಂಬಳಕ್ಕೆ ಮಾತ್ರ ಭರವಸೆ ಇರುವುದಿಲ್ಲ.

ತೆರಿಗೆ ಕೊಡುವ ಬಾಜಿ ಲಾಭವಿಲ್ಲದ್ದಾದಾಗ ಜನರು ಬಾಜಿಯನ್ನೇ ಬಿಟ್ಟರೆ ಸರ್ಕಾರದ ಉದ್ದೇಶ ಈಡೇರಿತೆನ್ನಬಹುದಿತ್ತು. ಆದರೆ ಒಂದು ಪಾಲು ಜನ ತೆರಿಗೆಯಿಲ್ಲದ ಅಕ್ರಮ ಬುಕ್ಕಿಗಳತ್ತ ಹೋಗುತ್ತಾರೆ. ಅಲ್ಲಿ ರಸೀದಿಯಿಲ್ಲ, ಮಿತಿಯಿಲ್ಲ, ಸಾಲದ ಮೇಲೂ ಬಾಜಿ ನಡೆಯುತ್ತದೆ, ಬಾಕಿ ವಸೂಲಿಗೆ ಬರುವವರ ಭಾಷೆಯೂ ಬೇರೆ. ಇನ್ನೊಂದು ಪಾಲು ಜನ ಕಾನೂನಿನ ಒಳಗೇ ಉಳಿದು ತಮ್ಮ ಬಾಜಿಯ ರೀತಿಯನ್ನು ಬದಲಿಸುತ್ತಾರೆ. 40 ಪೈಸೆಯ ಕುದುರೆಯಲ್ಲಿ ಏನೂ ಉಳಿಯದೆಂದು ಕಣ್ಣಿಗೇ ಕಾಣುತ್ತದೆ. ಗೆಲ್ಲುತ್ತದೆಂದು ಯಾರೂ ನಿರೀಕ್ಷಿಸದ, ಒಂದಕ್ಕೆ 20ರ ಫ್ಲೂಕ್ ಕುದುರೆಯಲ್ಲಿ 140 ಕೊಟ್ಟು 2,100 ಪಡೆಯುವಾಗ ಆ 40 ರೂಪಾಯಿ ಯಾವ ಲೆಕ್ಕಕ್ಕೂ ಬಾರದಂತೆ ತೋರುತ್ತದೆ. ವಾಸ್ತವದಲ್ಲಿ ಎರಡೂ ಕಡೆ ತೆರಿಗೆಯ ಭಾರ ಒಂದೇ: ಸರಿಹೋಗಲು ಬೇಕಾದ ಗೆಲುವಿನ ಪ್ರಮಾಣ ಎಲ್ಲ ದರಗಳಲ್ಲೂ ತೆರಿಗೆಯಿಲ್ಲದಿದ್ದಾಗ ಬೇಕಾಗುವುದರ 1.4 ಪಟ್ಟು.

ಹೀಗೆ ಹೆಚ್ಚಿನ ದರದ ಕುದುರೆಗಳತ್ತ ವಾಲುವುದು ಏಕೆ ಅಪಾಯಕಾರಿ ಎಂಬುದಕ್ಕೆ ಹಳೆಯ ಅಧ್ಯಯನವೊಂದು ಉತ್ತರ ಕೊಡುತ್ತದೆ. ಅಮೆರಿಕದ ರೇಸುಗಳ ಫಲಿತಾಂಶ ಮತ್ತು ದರಗಳನ್ನು ಹೋಲಿಸಿದ ಗ್ರಿಫಿತ್ ಎಂಬ ಮನಶ್ಶಾಸ್ತ್ರಜ್ಞ 1949ರಲ್ಲಿ, ಜನರು ಫೇವರಿಟ್ ಕುದುರೆಗಳ ಗೆಲುವಿನ ಸಾಧ್ಯತೆಯನ್ನು ಕಡಿಮೆಯಾಗಿಯೂ, ಹೆಚ್ಚಿನ ದರದ ಕುದುರೆಗಳ ಸಾಧ್ಯತೆಯನ್ನು ಅತಿಯಾಗಿಯೂ ಅಂದಾಜಿಸುತ್ತಾರೆಂದು ತೋರಿಸಿದನು. ಆ ನಂತರ ಅನೇಕ ದೇಶಗಳ ರೇಸುಗಳಲ್ಲಿ ಇದೇ ಒಲವು ಕಂಡುಬಂದಿದೆ. ಅಂದರೆ ಹೆಚ್ಚಿನ ದರದ ಕುದುರೆಗಳ ಮೇಲೆ ಕಟ್ಟುವವರು ಸರಾಸರಿಯಲ್ಲಿ ಹೆಚ್ಚು ಬೇಗ ಹಣ ಕಳೆದುಕೊಳ್ಳುತ್ತಾರೆ. ನಮ್ಮ ತೆರಿಗೆ ಪದ್ಧತಿ ಜನರನ್ನು ಆ ಕಡೆಗೇ ತಳ್ಳುತ್ತಿದೆ.

ಜಾಕ್‌ಪಾಟ್‌ನ ಸೆಳೆತವೂ ಇಂಥದ್ದೇ. ಸತತ ಐದು ರೇಸುಗಳ ಗೆಲುವನ್ನು ಹೇಳಬೇಕಾದ ಇದರಲ್ಲಿ, ಮುನ್ನೋಟದ ಮೂರು ಆಯ್ಕೆಗಳನ್ನೂ ಪ್ರತಿ ರೇಸಿಗೆ ತೆಗೆದುಕೊಂಡರೆ 243 ಜೋಡಣೆಗಳಾಗುತ್ತವೆ, ಅಷ್ಟಕ್ಕೂ ದುಡ್ಡು ಕೊಡಬೇಕು. ಪ್ರತಿ ರೇಸಿನಲ್ಲೂ ಗೆದ್ದ ಕುದುರೆ ಆ ಮೂರರಲ್ಲಿ ಒಂದಾಗಿರುವ ಸಾಧ್ಯತೆ ಹತ್ತಕ್ಕೆ ಏಳು ಎಂದು ಉದಾರವಾಗಿ ಹಿಡಿದರೂ, ಐದೂ ಸರಿಬರುವುದು ನೂರಕ್ಕೆ 17 ಬಾರಿ ಮಾತ್ರ. ಅದೂ ಸುಲಭದ ಕುದುರೆಗಳು ಗೆದ್ದ ದಿನ, ಡಿವಿಡೆಂಡ್ ಅತಿ ಕಡಿಮೆ ಇರುವಾಗ.

ಮೊಬೈಲ್ ಬಂದ ಮೇಲೆ ಟಿಪ್ಸ್‌ನ ವ್ಯಾಪಾರ ಇನ್ನೊಂದು ರೂಪ ತಳೆದಿದೆ. ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ‘ಲಾಯದಿಂದ ಬಂದ ಸುದ್ದಿ’, ‘ಶೇ 100 ಗ್ಯಾರಂಟಿ’ ಎಂದು ಹಣಕ್ಕೆ ಮಾರುವ ಟಿಪ್ಸ್ ಹೇಗೆ ನಂಬಿಕೆ ಗಳಿಸುತ್ತವೆ ಎಂಬುದನ್ನು ಒಮ್ಮೆ ಬಿಡಿಸಿ ನೋಡಬೇಕು. ಎಂಟು ಕುದುರೆಗಳ ರೇಸಿಗೆ 800 ಜನರನ್ನು ನೂರರಂತೆ ಎಂಟು ಗುಂಪು ಮಾಡಿ, ಪ್ರತಿ ಗುಂಪಿಗೂ ಬೇರೆ ಬೇರೆ ಕುದುರೆಯ ಹೆಸರು ಉಚಿತವಾಗಿ ಕಳುಹಿಸಿದರೆ ಸಾಕು. ಯಾವ ಕುದುರೆ ಗೆದ್ದರೂ ನೂರು ಜನರಿಗೆ ಟಿಪ್ ಸರಿಯಾಗಿರುತ್ತದೆ. ಮುಂದಿನ ಹತ್ತು ಕುದುರೆಗಳ ರೇಸಿಗೆ ಆ ನೂರು ಜನರನ್ನು ಹತ್ತರಂತೆ ಹಂಚಿದರೆ, ಎರಡು ಬಾರಿ ನಿಖರವಾದ ಸುದ್ದಿ ಪಡೆದ ಹತ್ತು ಜನ ಉಳಿಯುತ್ತಾರೆ. ಮೂರನೆಯ ಟಿಪ್‌ಗೆ ಅವರು ಕೇಳಿದಷ್ಟು ಹಣ ಕೊಡುತ್ತಾರೆ. ಕಳುಹಿಸಿದವನು ಒಂದು ರೇಸನ್ನೂ ನೋಡಿರಬೇಕಿಲ್ಲ. ಇಂಥ ಸಂದೇಶಗಳ ಕೊನೆಯಲ್ಲಿ ಆನ್‌ಲೈನ್ ಬಾಜಿ ತಾಣದ ಕೊಂಡಿ ಇದ್ದರೆ ಇನ್ನೂ ಎಚ್ಚರ ಬೇಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸಿದ್ದು, ಅವುಗಳ ಜಾಹೀರಾತನ್ನೂ ಅಪರಾಧವೆಂದು ಪರಿಗಣಿಸುತ್ತದೆ. ಸೋತ ಹಣವನ್ನು ಮರಳಿ ಪಡೆಯಲೆಂದೇ ಮುಂದಿನ ಟಿಪ್ ಹುಡುಕುವ ಹಂತಕ್ಕೆ ಬಂದವರಿಗೆ ಮತ್ತು ಅವರ ಮನೆಯವರಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಲು ಸಾಧ್ಯವಿದೆ.

ಪತ್ರಿಕೆಗಳ ಮುನ್ನೋಟವನ್ನು ಈ ವಂಚಕರ ಸಾಲಿಗೆ ಸೇರಿಸುವುದು ಅನ್ಯಾಯ. ಆದರೆ ವಂಚಕನಿಗೂ ಪ್ರಾಮಾಣಿಕ ವಿಶ್ಲೇಷಕನಿಗೂ ಇರುವ ವ್ಯತ್ಯಾಸ ಓದುಗನಿಗೆ ಕಾಣಬೇಕಾದರೆ ಲೆಕ್ಕ ಬಹಿರಂಗವಾಗಬೇಕು. ಬ್ರಿಟನ್ನಿನ ರೇಸಿಂಗ್ ಪೋಸ್ಟ್ ಪತ್ರಿಕೆ ಬೇರೆ ಬೇರೆ ಪತ್ರಿಕೆಗಳ ವಿಶ್ಲೇಷಕರು ಹೇಳಿದ ದಿನದ ಬೆಸ್ಟ್ ಕುದುರೆಗಳ ಮೇಲೆ ಪ್ರತಿ ಬಾರಿ ಒಂದೇ ಮೊತ್ತದ ಬಾಜಿ ಕಟ್ಟಿದ್ದರೆ ಎಷ್ಟು ಲಾಭ, ಎಷ್ಟು ನಷ್ಟ ಆಗುತ್ತಿತ್ತು ಎಂಬ ಪಟ್ಟಿಯನ್ನು ಪ್ರಕಟಿಸುತ್ತದೆ. ಯಾರು ಎಷ್ಟು ಬಾರಿ ಸರಿ ಹೇಳಿದರು ಎಂಬುದಕ್ಕಿಂತ, ಅವರ ಮಾತು ನಂಬಿದವನ ಕೈಯಲ್ಲಿ ಎಷ್ಟು ಉಳಿಯಿತು ಎಂಬುದು ಅಲ್ಲಿ ಅಳತೆ. ನಮ್ಮಲ್ಲೂ ಪ್ರತಿ ಸೀಸನ್ನಿಗೆ, ತೆರಿಗೆಯನ್ನೂ ಸೇರಿಸಿ, ಇಂಥದೊಂದು ಪಟ್ಟಿ ಮುನ್ನೋಟದ ಪಕ್ಕದಲ್ಲೇ ಅಚ್ಚಾಗಬೇಕು. ಮೊದಮೊದಲು ಎಲ್ಲ ಸಾಲುಗಳೂ ನಷ್ಟವನ್ನೇ ತೋರಿಸುತ್ತವೆ. ಓದುಗನಿಗೆ ತಿಳಿಯಬೇಕಾದದ್ದು ಅದೇ.

ಎರಡನೆಯದಾಗಿ, ಆಯ್ಕೆಯ ಜೊತೆಗೆ ದರವೂ ಬರಬೇಕು. ಹಾಂಗ್‌ಕಾಂಗ್ ರೇಸುಗಳಲ್ಲಿ ಕಂಪ್ಯೂಟರ್ ಮಾದರಿ ಬಳಸಿ ಅಪಾರ ಹಣ ಗಳಿಸಿದ ಬಿಲ್ ಬೆಂಟರ್, 1994ರಲ್ಲಿ ತನ್ನ ವಿಧಾನವನ್ನು ವಿವರಿಸುವಾಗ, ಕುದುರೆಗಳ ಕುರಿತು ತಾನು ಕಲೆಹಾಕಿದ ಮಾಹಿತಿಗೆ ಟೋಟ್‌ನ ಸಾರ್ವಜನಿಕ ದರವನ್ನೂ ಸೇರಿಸಿದಾಗಲೇ ಅಂದಾಜು ಸುಧಾರಿಸಿತೆಂದು ಬರೆದಿದ್ದಾನೆ. ಅಷ್ಟು ದೊಡ್ಡ ಲೆಕ್ಕಾಚಾರದವನು ಕೂಡ ಕೇಳಿಕೊಳ್ಳುತ್ತಿದ್ದದ್ದು, ಈ ಕುದುರೆ ಗೆಲ್ಲುವ ಸಾಧ್ಯತೆಗೆ ತಕ್ಕಷ್ಟು ಬೆಲೆ ಸಿಗುತ್ತಿದೆಯೇ ಎಂದು. ನಮ್ಮ ಮುನ್ನೋಟಕಾರರೂ ಇದನ್ನು ಒಂದೇ ಸಾಲಿನಲ್ಲಿ ಬರೆಯಬಲ್ಲರು: ‘ಮೊದಲ ಆಯ್ಕೆ 4ನೆಯ ನಂಬರಿನ ಕುದುರೆ. ಗೆಲ್ಲುವ ಸಾಧ್ಯತೆ ನೂರಕ್ಕೆ 30. ತೆರಿಗೆ ಸೇರಿಸಿದರೆ ಒಂದಕ್ಕೆ ಮೂರೂಮುಕ್ಕಾಲಿಗಿಂತ ಕಡಿಮೆ ದರಕ್ಕೆ ಬಾಜಿ ಬೇಡ.’ ತೆರಿಗೆಯಿಲ್ಲದಿದ್ದರೆ ಇದೇ ಕುದುರೆಗೆ ಒಂದಕ್ಕೆ ಎರಡೂವರೆ ಸಾಕಾಗುತ್ತಿತ್ತು.

ಅಷ್ಟು ಗೆಲುವಿನ ಸಾಧ್ಯತೆ ಇರುವ ಕುದುರೆ ಬೋರ್ಡಿನಲ್ಲಿ ಸಾಮಾನ್ಯವಾಗಿ ಒಂದಕ್ಕೆ ಎರಡರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಈ ಲೆಕ್ಕವನ್ನು ನಿಷ್ಠೆಯಿಂದ ಹಾಕಿದ ಮುನ್ನೋಟ, ವಾರಾಂತ್ಯದ ಬಹುತೇಕ ರೇಸುಗಳ ಎದುರು ಕುದುರೆಯ ಗುಣದೋಷಗಳನ್ನು ವಿವರಿಸಿ, ಕೊನೆಯಲ್ಲಿ ‘ಬಾಜಿ ಬೇಡ’ ಎಂದೇ ಬರೆಯಬೇಕಾಗುತ್ತದೆ. ಹಾಗೆ ಬರೆದರೆ ಓದಲು ಏನೂ ಉಳಿಯದೆಂಬ ಆತಂಕ ಸಂಪಾದಕರಿಗೆ ಇರಬಹುದು. ಬೆಂಗಳೂರು ಡರ್ಬಿ ಅಥವಾ ಫೆಬ್ರವರಿಯಲ್ಲಿ ಮುಂಬೈನ ಮಹಾಲಕ್ಷ್ಮಿ ರೇಸ್ ಕೋರ್ಸ್‌ನಲ್ಲಿ ನಡೆಯುವ ಇಂಡಿಯನ್ ಡರ್ಬಿಯಂಥ ರೇಸಿಗೆ ಆ ಮಾತು ಸಲ್ಲದು. ಮಹಾಲಕ್ಷ್ಮಿಯ ಡರ್ಬಿಯಲ್ಲಿ 2400 ಮೀಟರ್ ದೂರವನ್ನು ನಾಲ್ಕು ವರ್ಷದ ಕುದುರೆಗಳು ಓಡುತ್ತವೆ, ರೇಟಿಂಗಿಗೆ ತಕ್ಕಂತೆ ತೂಕ ಹೇರುವ ಹ್ಯಾಂಡಿಕ್ಯಾಪ್ ಅಲ್ಲಿರುವುದಿಲ್ಲ. ಯಾವ ತಂದೆ-ತಾಯಿಯ ಮರಿಗೆ ಅಷ್ಟು ದೂರದ ದಮ್ಮಿದೆ, ಯಾವ ಜಾಕಿ ಕೊನೆಯ ತಿರುವಿನವರೆಗೆ ಕಾಯಬಲ್ಲ, ಯಾವುದು ಮೊದಲೇ ಮುಂದೆ ಹೋಗಿ ಓಟದ ವೇಗವನ್ನು ತೀರ್ಮಾನಿಸುತ್ತದೆ ಎಂಬುದನ್ನು ಬಲ್ಲವರು ಬರೆದರೆ, ಒಂದು ರೂಪಾಯಿ ಕಟ್ಟದವರೂ ಅದನ್ನು ಓದುತ್ತಾರೆ.